ಬ್ರಿಸ್ಬೇನಿನ ಫರ್ನ್‌ಬರ್ಗ್: ಡಾಕ್ಟರಮ್ಮ ಗವರ್ನರ್ ಆದ ಮನೆ ನೋಡಿ ಬಂದೆವು

ಊರಿಂದ ಅಪ್ಪ ಅಮ್ಮ ಬಂದಾಗ ಬ್ರಿಸ್ಬೇನಿನಲ್ಲಿ ಏನು ತೋರಿಸೋದು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ, ಗವರ್ನಮೆಂಟ್ ಹೌಸ್ ಓಪನ್ ಡೇ, ಅಂದರೆ ಗವರ್ನರ್ ಮನೆಯನ್ನು ಜನರಿಗೆ ತೆರೆದಿಡುವ ದಿನ. ಪ್ಯಾಡಿಂಗ್ಟನ್ ಗುಡ್ಡದ ಮೇಲಿನ ಫರ್ನ್‌ಬರ್ಗ್ ಬಂಗಲೆ ಇದು. 1865ರಲ್ಲಿ ಹ್ಯೂಸ್ಲರ್ ಎಂಬ ಜರ್ಮನ್ ವ್ಯಾಪಾರಿ ಕಟ್ಟಿಸಿದ್ದು, 1910ರಿಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಗವರ್ನರ್ ವಾಸ ಮಾಡುವ ಮನೆ. ಟಿಕೆಟ್ ಇಲ್ಲ, ಪೂರ್ತಿ ಉಚಿತ.

ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದಕ್ಕೆ ಬೇರೆ ಕಾರಣ ಇತ್ತು. ಅಮ್ಮ ಹಾಸನದ ಕಡೆ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿ ಆಗಿದ್ದವರು. ಪಲ್ಸ್ ಪೋಲಿಯೊ ದಿನ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಮನೆ ಮನೆ ಸುತ್ತಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬರುತ್ತಿದ್ದರು. ಪೋಲಿಯೊ ಬರದೇ ಉಳಿದ ಮಗು ಯಾವತ್ತೂ ಬಂದು ಥ್ಯಾಂಕ್ಸ್ ಹೇಳಲಿಲ್ಲ. ಆ ಕೆಲಸವೇ ಹಾಗೆ ಅಲ್ವಾ.

ಅಂಥ ಕೆಲಸದಿಂದಲೇ ಬಂದವರು ಇಲ್ಲಿನ ಗವರ್ನರ್ ಆದರು ಅಂತ ಅಮ್ಮನಿಗೆ ತೋರಿಸಬೇಕಿತ್ತು. ಡಾ. ಜೆನೆಟ್ ಯಂಗ್ ಸಿಡ್ನಿಯಲ್ಲಿ ಓದಿ, ವೆಸ್ಟ್‌ಮೀಡ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿದವರು. ಆಮೇಲೆ ರಾಕ್‌ಹ್ಯಾಂಪ್ಟನ್, ಬ್ರಿಸ್ಬೇನ್ ಆಸ್ಪತ್ರೆಗಳ ಆಡಳಿತ. 2005ರಿಂದ 2021ರ ತನಕ, ಅಂದರೆ 16 ವರ್ಷ, ರಾಜ್ಯದ ಚೀಫ್ ಹೆಲ್ತ್ ಆಫೀಸರ್. 2009ರ ಹಂದಿಜ್ವರ ಬಂದಾಗ ಅವರೇ ಇದ್ದರು. 2011ರ ಫೆಬ್ರವರಿಯಲ್ಲಿ ಯಾಸಿ ಚಂಡಮಾರುತ ನುಗ್ಗಿ ಬಂದಾಗಲೂ ಅವರೇ. ಆಗ ರಾಜ್ಯದ ಉತ್ತರದ ಕೇರ್ನ್ಸ್ ಊರಿನ ಆಸ್ಪತ್ರೆಗಳನ್ನು ಖಾಲಿ ಮಾಡಿ 300ಕ್ಕೂ ಹೆಚ್ಚು ರೋಗಿಗಳನ್ನು, ಹಸುಗೂಸುಗಳನ್ನೂ ಸೇರಿಸಿ, ರಾತ್ರೋರಾತ್ರಿ ವಿಮಾನದಲ್ಲಿ ಬ್ರಿಸ್ಬೇನಿಗೆ ತಂದರು. ಸುಮ್ನೆ ಮಾತಲ್ಲ ಅದು. ಕೋವಿಡ್ ಕಾಲದಲ್ಲಿ ರಾಜ್ಯದ ಗಡಿ ಮುಚ್ಚುವ ಸಲಹೆ ಕೊಟ್ಟು ಬೈಸಿಕೊಂಡರು, ಬೆದರಿಕೆಗಳು ಬಂದು ಪೊಲೀಸ್ ರಕ್ಷಣೆ ಬೇಕಾಯಿತು. 2021ರ ನವೆಂಬರ್ 1ಕ್ಕೆ ಗವರ್ನರ್ ಆದರು. ಮಸೂದೆಗೆ ಸಹಿ ಹಾಕುವುದು, ಪ್ರಶಸ್ತಿ ಕೊಡುವುದು, ಊರೂರು ತಿರುಗುವುದು ಈ ಹುದ್ದೆಯ ಕೆಲಸ. ಆಡಳಿತ ನಡೆಸುವುದು ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿ ಥರದವರು.

ಮನೆ ವಿಷಯಕ್ಕೆ ಬಂದರೆ, ಮೆಟ್ಟಿಲ ಹತ್ತಿರದ ಬಣ್ಣದ ಗಾಜಿನ ಕಿಟಕಿ ಒಂದಕ್ಕೇ ಹೋಗಬಹುದು. ಸ್ಕಾಟ್ಲೆಂಡಿನ ರಾಜ ರಾಬರ್ಟ್ ದಿ ಬ್ರೂಸ್ ಆ ಗಾಜಿನಲ್ಲಿ ನಿಂತಿದ್ದಾನೆ. ನಾವು ಹೋದಾಗ ಬೆಳಗಿನ ಬಿಸಿಲಿತ್ತು, ಅಮ್ಮನ ಬಿಳಿ ಸೀರೆ ಸೆರಗಿನ ಮೇಲೆ ಕೆಂಪು, ನೀಲಿ ಬಿದ್ದಿತ್ತು. ಅಮ್ಮ ಅಲ್ಲೇ ನಿಂತು ಮೆಲ್ಲಗೆ ಕೇಳಿದರು, "ಈ ಡಾಕ್ಟರಮ್ಮನೂ ಫೀಲ್ಡಿಗೆ ಹೋಗ್ತಿದ್ರೇನೋ?" ದೊಡ್ಡ ಆಫೀಸಿನಲ್ಲಿ ಕೂತು ಇಡೀ ರಾಜ್ಯವನ್ನೇ ನೋಡಿಕೊಳ್ಳುತ್ತಿದ್ದರು ಅಮ್ಮ ಅಂದೆ. "ಹಾಗಾದ್ರೆ ನಮ್ಮ ಡಿಎಚ್‌ಓ ಸಾಹೇಬ್ರ ಥರ" ಅಂತ ತಲೆಯಾಡಿಸಿದರು. ಆಮೇಲೆ ಮನೆ ಪೂರ್ತಿ ತಮ್ಮ ನೆಂಟರ ಮನೆ ಅನ್ನೋ ಹಾಗೆ ನಿಧಾನವಾಗಿ ನೋಡಿದರು.

ತೋಟ, ಹಿಂದಿನ ಕಾಡು ಸೇರಿ ಸುಮಾರು 14 ಹೆಕ್ಟೇರ್. ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ನಮ್ಮ ಟ್ಯಾಕ್ಸಿಯವನು ಕೆಳಗೇ ಇಳಿಸಿ ಹೋಗಿಬಿಟ್ಟ, ಏರು ಜಾಸ್ತಿ, ಅಮ್ಮನ ಮಂಡಿಗೆ ಕಷ್ಟವಾಯಿತು. ವಯಸ್ಸಾದವರಿದ್ದರೆ ಗೇಟಿನ ತನಕ ಬಿಡಿಸಿಕೊಳ್ಳಿ, ಕಾಲಿಗೆ ಶೂ ಹಾಕಿಸಿ. ಓಪನ್ ಡೇ ತಾರೀಖು ಮೊದಲೇ ನೋಡಿಕೊಂಡು ಹೋಗಿ.