ಕೆಳಮನೆಗೆ ಅಡ್ವಾನ್ಸ್ ಕೊಡುವ ಮೊದಲು ಗೋಡೆಯಾಚೆ ಏನಿದೆ ನೋಡಿ

ರಸ್ತೆಗಿಂತ ತಗ್ಗಿನಲ್ಲಿರುವ ಮನೆಯನ್ನು ಬಾಡಿಗೆಗೆ ನೋಡುತ್ತಿದ್ದೀರಾ? ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಬೆಂಗಳೂರಿನ ಹನುಮಂತನಗರ, ಗಿರಿನಗರದ ಕಡೆ ಇಳಿಜಾರು ಸೈಟುಗಳು ಜಾಸ್ತಿ. ಓನರು ಮೇಲೆ ಇರುತ್ತಾರೆ, ಕೆಳಗಿನ ಬೇಸ್‌ಮೆಂಟನ್ನು ಬಾಡಿಗೆಗೆ ಕೊಡುತ್ತಾರೆ. ನಾವು ಹಿಡಿದದ್ದೂ ಅಂಥದ್ದೇ ಮನೆ. ಮೂರು ಕಡೆ ಮಣ್ಣು, ಒಂದೇ ಕಡೆ ಕಿಟಕಿ. ಬೇಸಿಗೆಯಲ್ಲಿ ನೋಡಿದಾಗ ಹೊಸ ಪುಟ್ಟಿ, ಹೊಸ ಪೇಂಟು, ಒಳಗೆ ಹಿತವಾದ ತಂಪು. "ನೀರು ಗೀರು ಏನೂ ಬರಲ್ಲಮ್ಮ, ಆರಾಮಾಗಿರಿ" ಅಂದಿದ್ದರು.

ಮಳೆ ಹಿಡಿದದ್ದೇ ತಡ, ನೆಲದಿಂದ ಮೊಣಕಾಲೆತ್ತರದವರೆಗೆ ಪೇಂಟು ಗುಳ್ಳೆ ಎದ್ದಿತು. ಗುಳ್ಳೆ ಒಡೆದರೆ ಬಿಳಿ ಪುಡಿ. ಗೋಡೆ ಹೀಗೆ ಉಪ್ಪು ಬಿಟ್ಟರೆ ನೀರು ಗೋಡೆಯ ಒಳಗಿನಿಂದಲೇ ಬರುತ್ತಿದೆ ಎಂದರ್ಥ. ಬೀರುವಿನ ಹಿಂದೆ ಕಪ್ಪು ಬೂಷ್ಟು ಹಬ್ಬಿತ್ತು. ಸೀರೆಗಳೂ ಹಾಳಾದವು, ಅದು ಹೋಗಲಿ. ಮಗಳಿಗೆ ರಾತ್ರಿ ಕೆಮ್ಮು ಶುರುವಾಯಿತು. ಮಲಗಿದರೆ ಎದೆ ಗುಯ್‌ಗುಟ್ಟುತ್ತಿತ್ತು. ಡಾಕ್ಟರು ಔಷಧಿ ಬರೆಯುವ ಮೊದಲು ಕೇಳಿದ್ದು, "ಮನೆಯಲ್ಲಿ ತೇವ ಇದೆಯಾ?" ತೇವ, ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಉಸಿರಾಟದ ತೊಂದರೆ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ.

ಓನರು ಪೇಂಟರನ್ನು ಕಳಿಸಿದರು. ಆತ ಕೆರೆದು, ವಾಟರ್‌ಪ್ರೂಫ್ ಕೋಟ್ ಹೊಡೆದು ಹೋದ. ಸ್ವಲ್ಪ ದಿನಕ್ಕೆ ಅದೂ ಸಿಪ್ಪೆಯಂತೆ ಎದ್ದು ಬಂತು. ಆಚೆಯಿಂದ ಒತ್ತುವ ನೀರನ್ನು ಈಚೆಯ ಬಣ್ಣ ಎಷ್ಟು ದಿನ ತಡೆದೀತು?

ಕಿಟಕಿ ತೆಗೆದಿಡಿ, ಎಲ್ಲ ಸರಿಹೋಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಮಳೆಗಾಲದಲ್ಲಿ ಇದು ಉಲ್ಟಾ ಆಗಬಹುದು. ಹೊರಗಿನ ಗಾಳಿಯಲ್ಲೇ ತೇವ ತುಂಬಿರುತ್ತದೆ. ಅದು ಬಂದು ತಣ್ಣನೆಯ ಗೋಡೆಗೆ ತಾಗಿದರೆ ಗೋಡೆ ಬೆವರುತ್ತದೆ. ಬಿಸಿಲು ಬಿದ್ದ ಹೊತ್ತಿನಲ್ಲಿ ತೆಗೆಯಿರಿ, ಮಳೆ ಸುರಿಯುವಾಗ ಮುಚ್ಚಿ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗಾಳಿ ಒಳಬರಲು ಎದುರುಗಡೆ ದಾರಿ ಇರಬೇಕು, ಇಲ್ಲದಿದ್ದರೆ ಅದು ಸುಮ್ನೆ ತಿರುಗುತ್ತದೆ. ಒಳಗೆ ಬಟ್ಟೆ ಒಣಗಿಸಲೇಬೇಡಿ. ಗಾಳಿಯ ತೇವ ಅಳೆಯಲು ಹೈಗ್ರೋಮೀಟರ್ ಅಂತ ಸಣ್ಣ ಮೀಟರ್ ಸಿಗುತ್ತದೆ. ಅದು ದಿನವೂ ಶೇಕಡ 60ಕ್ಕಿಂತ ಮೇಲೆ ತೋರಿಸಿದರೆ ಬೂಷ್ಟಿಗೆ ಹಬ್ಬ.

ನಮಗೆ ನಿಜ ಗೊತ್ತಾದದ್ದು ಒಂದು ಪ್ಲಾಸ್ಟಿಕ್ ಹಾಳೆಯಿಂದ. ಗೋಡೆ ಒರೆಸಿ, ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದೆರಡು ದಿನ ಬಿಡಬೇಕು. ಹಾಳೆಯ ಮೇಲೆ, ಕೋಣೆಯ ಕಡೆ ಹನಿ ಕಂಡರೆ ಅದು ಕೋಣೆಯ ಗಾಳಿಯ ತೇವ. ಹಾಳೆಯ ಹಿಂದೆ ಒದ್ದೆಯಾಗಿದ್ದರೆ ಗೋಡೆಯಿಂದ ಬಂದದ್ದು. ನಮ್ಮಲ್ಲಿ ಹಿಂದೆಯೇ ಒದ್ದೆ, ಅದೂ ಮಳೆ ಬಿಟ್ಟ ದಿನಗಳಲ್ಲಿ. ಗೋಡೆಯಾಚೆ ಇದ್ದದ್ದು ಓನರ ನೀರಿನ ಸಂಪು! ತೊಳೆಯಲು ಅದನ್ನು ಖಾಲಿ ಮಾಡಿದಾಗ ಗೋಡೆ ಒಣಗತೊಡಗಿತು. ಸಂಪಿನ ಒಳಗೆ ಹೊಸ ಗಾರೆ ಮಾಡಿಸಿ ಎಂದರೆ ಒಪ್ಪಲಿಲ್ಲ. ನಾವು ಮನೆ ಬಿಟ್ಟೆವು. ಆಮೇಲೆ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ದುಡ್ಡನ್ನೂ ಹಿಡಿದುಕೊಂಡರು. ಮಗಳ ಕೆಮ್ಮು ಈಗ ಎಷ್ಟೋ ಕಡಿಮೆ.

ಆದ್ದರಿಂದ ಸಂಪು ಎಲ್ಲಿದೆ, ಚರಂಡಿ ಎಲ್ಲಿದೆ, ಮೇಲ್ಮನೆಯ ಬಚ್ಚಲು ಯಾವ ಗೋಡೆಯ ಮೇಲೆ ಬರುತ್ತದೆ ಎಂದು ಮೊದಲೇ ಕೇಳಿ. ಸಾಧ್ಯವಾದರೆ ಮಳೆಗಾಲದಲ್ಲೇ ಮನೆ ನೋಡಿ. ಗೋಡೆಯ ಬುಡಕ್ಕೆ ಮಾತ್ರ ಹೊಸ ಪೇಂಟೋ ಪಿವಿಸಿ ಪ್ಯಾನೆಲ್ಲೋ ಇದ್ದರೆ ಅನುಮಾನಪಡಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದು ಗಾಳಿಗೆ ದಾರಿ ಇಲ್ಲದಿದ್ದರೆ ಆ ಮನೆ ಬೇಡವೇ ಬೇಡ, ಗೀಸರ್‌ನಿಂದ ಬರಬಹುದಾದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇರುವುದಿಲ್ಲ. ಪೇಂಟಿಂಗ್ ಖರ್ಚನ್ನು ಅಡ್ವಾನ್ಸ್‌ನಲ್ಲಿ ಹಿಡಿಯುತ್ತೇವೆ ಎಂದು ಅಗ್ರಿಮೆಂಟಿನಲ್ಲಿದ್ದರೆ, ತೇವದಿಂದ ಹಾಳಾದ ಗೋಡೆಗೆ ಅದು ಸೇರುವುದಿಲ್ಲ ಎಂದು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.