ಹೊಲದ ಬೆಂಕಿಗೆ ಮೂರು ಕಿಲೋದ ಬೀಡಿನ ಹಂಚು

ಮನೆಯ ಗ್ಯಾಸ್ ಒಲೆಗೆ ಮಾತ್ರ ಬೇಕು ಅಂದರೆ ಈ ಹಂಚು ತಗೋಬೇಡಿ, ದುಡ್ಡು ದಂಡ. ಹೊಲದಲ್ಲಿ ಕಟ್ಟಿಗೆ ಬೆಂಕಿ ಹಾಕಿ ಬಿಸಿ ರೊಟ್ಟಿ ಬಡಿಯಬೇಕು ಅನ್ನುವವರು ಧಾರಾಳವಾಗಿ ತಗೊಳ್ಳಿ.

ಕಲಬುರಗಿಯ ಸೂಪರ್ ಮಾರ್ಕೆಟ್‌ನ ಒಂದು ಪಾತ್ರೆ ಅಂಗಡಿಯಲ್ಲಿ 1,150 ರೂಪಾಯಿ ಕೊಟ್ಟು ತಂದೆ. ಬೀಡು ಕಬ್ಬಿಣದ್ದು, 12 ಇಂಚು ಅಗಲ, ಹತ್ತಿರ ಹತ್ತಿರ 3 ಕಿಲೋ ತೂಕ. ಎರಡೂ ಕಡೆ ಗಿಡ್ಡ ಹಿಡಿಕೆ. ಅವ್ವ ಎತ್ತಿ ನೋಡಿ, "ಇದು ಹಂಚೋ, ಗಾಡಿ ಗಾಲಿನೋ? ನಮ್ ಹಳೀ ಹಂಚಿಗಿ ಏನಾಗ್ಯಾದ?" ಅಂದಳು.

ಹಳೆಯದು ತೆಳು ತಗಡಿನ ಹಂಚು. ಮನೆಯಲ್ಲಿ ಅದಕ್ಕೆ ಏನೂ ಕೊರತೆಯಿಲ್ಲ. ಆದರೆ ಹೋದ ವರ್ಷ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ದಾಗ ಸೋತಿತು. ನಮ್ಮ ಕಡೆ ಹೊಲದಲ್ಲಿ ಸಿಗುವ ಉರುವಲು ಅಂದರೆ ತೊಗರಿ ಕಟ್ಟಿಗೆ. ಭರ್ರನೆ ಹತ್ತುತ್ತದೆ, ನೋಡನೋಡುತ್ತ ಇಳಿಯುತ್ತದೆ. ಉರಿ ಎದ್ದಾಗ ರೊಟ್ಟಿಯ ನಡುವೆ ಕರ್ರಗೆ ಸುಡುತ್ತಿತ್ತು, ಅಂಚು ಹಸಿಯಾಗೇ ಉಳಿಯುತ್ತಿತ್ತು. ಉರಿ ಇಳಿದರೆ ಹಂಚು ತಣ್ಣಗೆ. ಎಂಟು ರೊಟ್ಟಿಯಲ್ಲಿ ಮೂರು ಮಾತ್ರ ತಿನ್ನುವಂತಿದ್ದವು.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಸಜ್ಜೆ ರೊಟ್ಟಿ, ಕಡಬು, ಕಾಳು-ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ ಮನೆಯಲ್ಲೇ ಮಾಡಿಕೊಂಡು, ಬುತ್ತಿ ಕಟ್ಟಿ ಹೊಲಕ್ಕೆ ಹೋಗುತ್ತಾರೆ. ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಅಂತ ಎಡೆಯನ್ನು ಹೊಲದಲ್ಲಿ ಎರಚಿ, ಊಟ ಮಾಡುತ್ತಾರೆ. ನಾವೂ ಹಾಗೇ. ಎಳ್ಳು ಹಚ್ಚಿದ ಕಡಕ್ ಸಜ್ಜೆ ರೊಟ್ಟಿಗೆ ಭಜ್ಜಿ ಅಂದರೆ ನನಗೂ ಪ್ರಾಣ. ಆದರೆ ಅವ್ವನಿಗೆ ಈಗ ಹಲ್ಲು ಸಾಲುವುದಿಲ್ಲ. ಭಜ್ಜಿಯಲ್ಲಿ ನೆನೆಸಿಕೊಂಡು ತಿನ್ನುತ್ತಾಳೆ. ಅವಳಿಗೆ ಹೊಲದಲ್ಲೇ ಮೆತ್ತಗಿನ ಬಿಸಿ ಜೋಳದ ರೊಟ್ಟಿ ಸಿಗಬೇಕು ಅನ್ನೋದು ನನ್ನ ಆಸೆ. ಹಂಚು ಕೊಂಡಿದ್ದೇ ಅದಕ್ಕೆ.

ತಂದ ದಿನವೇ ರೊಟ್ಟಿ ಹಾಕಲು ಹೋಗಬೇಡಿ. ಮೊದಲ ರೊಟ್ಟಿಗೆ ಕಾರ್ಖಾನೆ ಎಣ್ಣೆಯ ವಾಸನೆ ಬಂತು, ಎಮ್ಮೆಗೆ ಹಾಕಿದರೂ ಮೂಸಿ ಬಿಟ್ಟಿತು. ಬಿಸಿನೀರು, ಸೋಪು ಹಾಕಿ ಚೆನ್ನಾಗಿ ತಿಕ್ಕಿ ತೊಳೆಯಿರಿ. ಒಲೆ ಮೇಲಿಟ್ಟು ಪೂರ್ತಿ ಒಣಗಿಸಿ. ಆಮೇಲೆ ಕುಸುಬಿ ಎಣ್ಣೆಯನ್ನು ಬಟ್ಟೆಯಲ್ಲಿ ಸವರಿ, ಜಾಸ್ತಿ ಆದದ್ದನ್ನು ಒರೆಸಿ ತೆಗೆದು, ಹೊಗೆ ಏಳುವವರೆಗೆ ಕಾಯಿಸಿ. ಹೀಗೆ ನಾಲ್ಕು ಸಲ ಮಾಡಿದೆ. ಕುಸುಬಿ ಎಣ್ಣೆ ಬೇಗ ಒಣಗಿ ಗಟ್ಟಿ ಪದರ ಕಟ್ಟುತ್ತದೆ. ಬೂದು ಬಣ್ಣದ ಹಂಚು ಜಂಬುನೇರಳೆ ಹಣ್ಣಿನ ಹಾಗೆ ಕಪ್ಪಗೆ ಹೊಳೆಯಿತು.

ನಮ್ಮ ಹೊಲ ಶಹಾಬಾದ್ ಕಡೆ. ಬದುವಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಚೂರು ಬೇಕಾದಷ್ಟು ಬಿದ್ದಿರುತ್ತವೆ. ಅದರಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಸ್ವಲ್ಪ ಹೊತ್ತಿಗೆ ಒಂದು ಕಲ್ಲು ಫಟ್ ಅಂತ ಸಿಡಿದು ಚೂರು ಹಾರಿತು. ಪದರು ಪದರಾದ ಕಲ್ಲು, ಒಳಗೆ ತೇವ ಇತ್ತು, ಕಾದರೆ ಸಿಡಿಯದೆ ಇರುತ್ತದಾ? ಮಕ್ಕಳು ದೂರ ಇದ್ದರು, ಪುಣ್ಯ. ಆಮೇಲೆ ಗುಂಡು ಕರಿಕಲ್ಲು ಹುಡುಕಿ ತಂದೆ. ಇದು ಹಂಚಿನ ತಪ್ಪಲ್ಲ, ಆದರೂ ಒಲೆ ಹೂಡುವವರಿಗೆ ಗೊತ್ತಿರಲಿ.

ಈಗ ರೊಟ್ಟಿಯ ವಿಷಯ. ತೊಗರಿ ಕಟ್ಟಿಗೆಯಿಂದ ಬೆಂಕಿ ಹತ್ತಿಸಿ, ಮೇಲೆ ಎರಡು ಜಾಲಿ ತುಂಡು ಇಟ್ಟೆ. ಜಾಲಿಯ ಕೆಂಡ ತುಂಬಾ ಹೊತ್ತು ನಿಲ್ಲುತ್ತದೆ. ಹಂಚು ಕಾಯಲು ಹದಿನೈದು ನಿಮಿಷ ಬೇಕಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಎಸರು ಕುದಿಸಿ ಹಿಟ್ಟು ನಾದಿದಳು. ಜೋಳಕ್ಕೆ ಗೋಧಿಯ ಹಾಗೆ ತನ್ನದೇ ಜಿಗಿ ಇಲ್ಲ, ಕುದಿಯುವ ನೀರು ಬಿದ್ದರೇನೇ ಹಿಟ್ಟು ಕೂಡಿಕೊಳ್ಳುವುದು. "ಅತ್ತಿ, ನೀವು ಕೂಡ್ರಿ, ನಾ ಬಡಿತೀನಿ" ಅಂದರೂ ಅವ್ವ ಕೇಳಲಿಲ್ಲ, ಪರಾತ ಎಳೆದುಕೊಂಡು ತಾನೇ ಬಡಿದಳು. ಹಂಚಿನ ಮೇಲೆ ಚಿಟಿಕೆ ಹಿಟ್ಟು ಉದುರಿಸಿ ನೋಡಿದಳು. ಹಾಕಿದ ಕೂಡಲೇ ಕರ್ರಗಾದರೆ ಕಾವು ಜಾಸ್ತಿ. ನಿಧಾನಕ್ಕೆ ಕೆಂಪಾಯಿತು, ಸರಿ ಅಂದಳು. ರೊಟ್ಟಿ ಹಾಕಿ, ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿದಳು. ನೀರಿನ ಹೊಳಪು ಅಂಚಿನಿಂದ ಒಳಗೆ ಆರುತ್ತಾ ಬಂತು. ತಿರುವಿ ಹಾಕಿ, ಎರಡನೇ ಕಡೆ ಬೆಂದ ಮೇಲೆ ಎತ್ತಿ ಕೆಂಡದ ಮುಂದೆ ಓರೆಯಾಗಿ ನಿಲ್ಲಿಸಿದಳು. ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆ ಎದ್ದು, ಅದೇ ಹರಡುತ್ತಾ ಇಡೀ ರೊಟ್ಟಿ ಪೂರಿ ಹಾಗೆ ಉಬ್ಬಿತು.

ನಡುನಡುವೆ ಗಾಳಿ ಬೀಸಿ ಉರಿ ಹೊಯ್ದಾಡಿತು. ಹಂಚು ಮಾತ್ರ ಕಾವು ಬಿಡಲಿಲ್ಲ. ಹದಿನಾಲ್ಕು ರೊಟ್ಟಿಯಲ್ಲಿ ಒಂದೂ ಕೆಡಲಿಲ್ಲ. ಆ ಭಾರಕ್ಕೆ ಕೊಟ್ಟ ದುಡ್ಡು ಇಲ್ಲಿ ವಸೂಲಾಯಿತು.

ಮಗಳು ಆಸ್ಟ್ರೇಲಿಯಾದ ದನ ಕಾಯುವವರು ಮಾಡುತ್ತಿದ್ದ ಡ್ಯಾಂಪರ್ ಅನ್ನೋ ರೊಟ್ಟಿಯ ವಿಡಿಯೋ ನೋಡಿದ್ದಳು. ಗೋಧಿ ಹಿಟ್ಟು, ಉಪ್ಪು, ನೀರು, ಅಷ್ಟೇ. ಅವರು ಕೆಂಡದ ಬೂದಿಯಲ್ಲೇ ಹೂತು ಸುಡುತ್ತಿದ್ದರು. ನಾವು ಬೆರಳು ದಪ್ಪದ ಬಿಲ್ಲೆ ತಟ್ಟಿ ಇದೇ ಹಂಚಿನ ಮೇಲಿಟ್ಟು, ಡಬರಿ ಮುಚ್ಚಿ, ಮೇಲೂ ನಾಲ್ಕು ಕೆಂಡ ಹಾಕಿದೆವು. ಇಪ್ಪತ್ತೈದು ನಿಮಿಷಕ್ಕೆ ಬೆಂತು. ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ತುಪ್ಪ ಬೆಲ್ಲ ಹಚ್ಚಿಕೊಂಡು ಮಕ್ಕಳೇ ಖಾಲಿ ಮಾಡಿದರು. ತೆಳು ಹಂಚಿನಲ್ಲಿ ಅಷ್ಟು ಹೊತ್ತು ಇಟ್ಟಿದ್ದರೆ ತಳ ಸುಟ್ಟು ಇದ್ದಲಾಗುತ್ತಿತ್ತು.

ಕೊರತೆಗಳೂ ಇವೆ. ಹಿಡಿಕೆ ತುಂಬಾ ಗಿಡ್ಡ, ಜೊತೆಗೆ ಹಂಚಿನಷ್ಟೇ ಕಾಯುತ್ತದೆ. ದಪ್ಪ ಗೋಣಿ ತುಂಡು ಇಲ್ಲದೆ ಮುಟ್ಟುವ ಹಾಗಿಲ್ಲ. ವಯಸ್ಸಾದವರು ಒಬ್ಬರೇ ಎತ್ತಿ ಇಳಿಸುವ ಸಾಮಾನಲ್ಲ. ಕಾದ ಹಂಚಿಗೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ, ತಾನಾಗೇ ಆರಲಿ. ಒದ್ದೆ ಇಟ್ಟರೆ ರಾತ್ರಿ ಕಳೆಯುವುದರೊಳಗೆ ತುಕ್ಕು.

ಕೊಳ್ಳುವಾಗ ಒಂದು ಕೈಯಲ್ಲಿ ತೂಗುಹಾಕಿ ಹಿಡಿದು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಗಂಟೆ ಹಾಗೆ ಠಣ್ ಅಂದರೆ ತಗೊಳ್ಳಿ. ಡಬ್ ಅಂದರೆ ಒಳಗೆ ಎಲ್ಲೋ ಬಿರುಕಿದೆ, ಬೇರೆ ಕೊಡಿ ಅನ್ನಿ. ನಾನು ತಂದದ್ದು ಮೂರನೇ ಹಂಚು.