20ನೇ ತಾರೀಖು ಕೈಕೊಟ್ಟ ಎಕ್ಸ್‌ಟೆನ್ಷನ್: ನಾನು ಬಳಸಿ ನೋಡಿದ ಮೂರು ಪಾಸ್‌ವರ್ಡ್ ಮ್ಯಾನೇಜರ್‌ಗಳು

ಮೊದಲೇ ಹೇಳಿಬಿಡುತ್ತೇನೆ, ಈ ಮೂರರಲ್ಲಿ ನಾನು ಈಗ ಬಿಟ್‌ವಾರ್ಡನ್ ಕಡೆಯವನು. ತಕ್ಕಡಿ ಸ್ವಲ್ಪ ಆ ಕಡೆ ವಾಲಿದರೆ ಬೇಜಾರಾಗಬೇಡಿ.

ದಾವಣಗೆರೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಒಟ್ಟು 38 ಅಂಗಡಿ. ಎಲ್ಲರ ಲಾಗಿನ್ನೂ ಒಂದೇ ಜಿಎಸ್‌ಟಿ ಪೋರ್ಟಲ್‌ನಲ್ಲಿ. ಯಾರ ಪಾಸ್‌ವರ್ಡೂ ನನಗೆ ನೆನಪಿಲ್ಲ, ಇರೋದೂ ಬೇಡ. ಅವನ್ನು ಜೋಪಾನವಾಗಿಟ್ಟು ಬೇಕಾದಾಗ ತುಂಬಿಕೊಡೋದೇ ಪಾಸ್‌ವರ್ಡ್ ಮ್ಯಾನೇಜರ್ ಕೆಲಸ.

ಎರಡು ವರ್ಷ ದುಡ್ಡು ಕೊಟ್ಟು ಒಂದು ಮ್ಯಾನೇಜರ್ ಬಳಸಿದೆ. ಹೆಸರು ಬೇಡ ಬಿಡಿ. ನೋಡೋಕೆ ಚೆನ್ನಾಗಿತ್ತು. ಲ್ಯಾಪ್‌ಟಾಪ್‌ನಲ್ಲಿ ಒಂದು ಆಪ್, ಕ್ರೋಮ್‌ನಲ್ಲಿ ಒಂದು ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ. ಪಾಸ್‌ವರ್ಡ್ ಇರುವುದು ಆಪ್ ಹತ್ತಿರ. ಎಕ್ಸ್‌ಟೆನ್ಷನ್ ಅದನ್ನು ಕೇಳಿ ತಂದು ತುಂಬುತ್ತದೆ, ಅಷ್ಟೇ.

ಒಂದು 20ನೇ ತಾರೀಖು. ಪ್ರತಿ ತಿಂಗಳು 3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಅದೇ ಕಡೇ ದಿನ. ಸಂಜೆ ಆರಾಗಿತ್ತು, ಇನ್ನೂ 11 ಅಂಗಡಿ ಬಾಕಿ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ತೆರಿಗೆ ಏನೂ ಇಲ್ಲದ ನಿಲ್ ರಿಟರ್ನ್ ಆದರೆ 20. ಐಕಾನ್ ಒತ್ತಿದರೆ ಕೆಂಪು ಪಟ್ಟಿ ಬಂತು: ಎಕ್ಸ್‌ಟೆನ್ಷನ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ. ಒತ್ತಿದೆ. ಕ್ರೋಮ್ ವೆಬ್ ಸ್ಟೋರ್ ತೆರೆಯಿತು. ಅಲ್ಲಿ ಅಪ್‌ಡೇಟ್ ಅನ್ನುವ ಬಟನ್ನೇ ಇಲ್ಲ! ಇರುವುದು ರಿಮೂವ್ ಒಂದೇ. ಅದನ್ನು ಒತ್ತಿ, ಪಾಸ್‌ವರ್ಡ್‌ಗಳೂ ಅದರ ಜೊತೆ ಹೋಗಿಬಿಟ್ಟರೆ? ಧೈರ್ಯ ಬರಲಿಲ್ಲ.

ಉಳಿದ 11 ಜನರದ್ದನ್ನೂ ಆಪ್ ತೆರೆದು ಕಾಪಿ ಮಾಡಿ ಪೇಸ್ಟ್ ಮಾಡಿದೆ. ಮೊದಲು ಯೂಸರ್‌ನೇಮ್, ವಾಪಸ್ ಹೋಗಿ ಪಾಸ್‌ವರ್ಡ್, ಆಮೇಲೆ ಕ್ಯಾಪ್ಚಾ. ಮಧ್ಯೆ ಯಾರೋ ಫೋನ್ ಮಾಡುತ್ತಾರೆ: "ಸರ್, ನಮ್ದಾಯ್ತಾ?" ಉತ್ತರ ಕೊಟ್ಟು ಬರುವಷ್ಟರಲ್ಲಿ ಆಪ್ ತಾನೇ ಕ್ಲಿಪ್‌ಬೋರ್ಡ್ ಖಾಲಿ ಮಾಡಿರುತ್ತದೆ. ಮತ್ತೆ ಮೊದಲಿಂದ. ಮುಗಿದಾಗ ರಾತ್ರಿ ಹತ್ತೂವರೆ.

ಕಾರಣ ಮಾರನೇ ದಿನ ಗೊತ್ತಾಯ್ತು. ನಾನು ಲ್ಯಾಪ್‌ಟಾಪ್ ಶಟ್‌ಡೌನ್ ಮಾಡುವವನಲ್ಲ, ಮುಚ್ಚಳ ಮುಚ್ಚಿ ಎದ್ದು ಹೋಗುವವನು. ಕ್ರೋಮ್ ವಾರಗಟ್ಟಲೆ ತೆರೆದೇ ಇರುತ್ತದೆ. ಕ್ರೋಮ್ ಏನೋ ಕೆಲವು ಗಂಟೆಗೊಮ್ಮೆ ಎಕ್ಸ್‌ಟೆನ್ಷನ್‌ಗಳ ಹೊಸ ಆವೃತ್ತಿ ಬಂದಿದೆಯಾ ಅಂತ ನೋಡುತ್ತದೆ. ಆದರೆ ಎಕ್ಸ್‌ಟೆನ್ಷನ್ ಹಿನ್ನೆಲೆಯಲ್ಲಿ ಓಡುತ್ತಲೇ ಇದ್ದರೆ ಹೊಸದು ಬಾಗಿಲಲ್ಲೇ ಕಾಯುತ್ತದೆ. ಅತ್ತ ಆಪ್ ಮಾತ್ರ ತನ್ನ ಪಾಡಿಗೆ ಅಪ್‌ಡೇಟ್ ಆಗಿಬಿಟ್ಟಿತ್ತು. ಹೊಸ ಆಪ್, ಹಳೇ ಎಕ್ಸ್‌ಟೆನ್ಷನ್, ಇಬ್ಬರಿಗೂ ಮಾತುಕತೆ ಬಂದ್.

ಪರಿಹಾರ ಇಷ್ಟೇ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ, ಮ್ಯಾನೇಜ್ ಎಕ್ಸ್‌ಟೆನ್ಷನ್ಸ್‌ಗೆ ಹೋಗಿ, ಬಲಗಡೆ ಮೇಲೆ ಡೆವಲಪರ್ ಮೋಡ್ ಆನ್ ಮಾಡಿ. ಆಗ ಎಡಗಡೆ ಅಪ್‌ಡೇಟ್ ಬಟನ್ ಕಾಣುತ್ತದೆ. ಇದನ್ನು ಯಾಕೆ ಬಚ್ಚಿಟ್ಟಿದ್ದಾರೋ! ಅದಕ್ಕೂ ಬಗ್ಗದಿದ್ದರೆ ಕ್ರೋಮ್ ಪೂರ್ತಿ ಮುಚ್ಚಿ ತೆರೆಯಿರಿ. ವಿಂಡೋಸ್‌ನಲ್ಲಿ ಕಿಟಕಿ ಮುಚ್ಚಿದರೂ ಕೆಲವೊಮ್ಮೆ ಗಡಿಯಾರದ ಪಕ್ಕ ಕ್ರೋಮ್ ಇನ್ನೂ ಓಡುತ್ತಿರುತ್ತದೆ, ಅಲ್ಲಿಂದಲೂ ಎಕ್ಸಿಟ್ ಮಾಡಬೇಕು. ಕ್ರೋಮ್‌ನಲ್ಲಿ ಎರಡು ಪ್ರೊಫೈಲ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು: ಎಕ್ಸ್‌ಟೆನ್ಷನ್ ಪ್ರತಿ ಪ್ರೊಫೈಲಿಗೂ ಬೇರೆ ಬೇರೆ, ಎರಡರಲ್ಲೂ ನೋಡಬೇಕು. ಫೈರ್‌ಫಾಕ್ಸ್‌ನಲ್ಲಾದರೆ ಆಡ್-ಆನ್ಸ್ ಪುಟದ ಗೇರ್ ಗುರುತಿನಲ್ಲೇ ಚೆಕ್ ಫಾರ್ ಅಪ್‌ಡೇಟ್ಸ್ ಇದೆ.

ಅರ್ಧ ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಈ ವಯಸ್ಸಲ್ಲಿ ನಾನು ಅಭ್ಯಾಸ ಬದಲಿಸುವುದಕ್ಕಿಂತ ಸಾಫ್ಟ್‌ವೇರ್ ಬದಲಿಸುವುದು ಸುಲಭ ಅಲ್ವಾ?

ಮೊದಲು ನೋಡಿದ್ದು ಕೀಪಾಸ್‌ಎಕ್ಸ್‌ಸಿ. ಪೂರ್ತಿ ಉಚಿತ, ಎಲ್ಲ ಪಾಸ್‌ವರ್ಡೂ ನಮ್ಮದೇ ಡಿಸ್ಕಿನಲ್ಲಿ ಒಂದು ಫೈಲಿನೊಳಗೆ. ಬ್ರೌಸರ್‌ನಲ್ಲಿ ತಾನೇ ತುಂಬಬೇಕು ಅಂದರೆ ಇಲ್ಲೂ ಆಪ್ ಮತ್ತು ಎಕ್ಸ್‌ಟೆನ್ಷನ್ ಜೋಡಿಯೇ. ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಬ್ರೌಸರ್‌ಗೂ ಟಿಕ್ ಹಾಕಿ ಕನೆಕ್ಟ್ ಮಾಡಬೇಕು. ಆದರೆ ಇದರಲ್ಲಿ ಆಟೋ-ಟೈಪ್ ಅಂತ ಒಂದಿದೆ. ಕರ್ಸರ್ ಯೂಸರ್‌ನೇಮ್ ಡಬ್ಬಿಯಲ್ಲಿಟ್ಟು ಶಾರ್ಟ್‌ಕಟ್ ಒತ್ತಿದರೆ ನಾವೇ ಕೀಬೋರ್ಡ್ ಕುಟ್ಟಿದ ಹಾಗೆ ಅದು ಟೈಪ್ ಮಾಡುತ್ತದೆ. ಎಕ್ಸ್‌ಟೆನ್ಷನ್ನೇ ಬೇಡ, ಹಾಗಾಗಿ ಹಳೆಯದಾಯ್ತು ಅನ್ನುವ ಮಾತೂ ಇಲ್ಲ. ಕರ್ಸರ್ ವಾಟ್ಸಾಪ್ ವೆಬ್‌ನಲ್ಲಿದ್ದರೆ ಪಾಸ್‌ವರ್ಡ್ ಅಲ್ಲೇ ಬಿದ್ದೀತು, ಹುಷಾರು. ನನಗೆ ಒಗ್ಗದಿದ್ದದ್ದು ಒಂದೇ: ಮನೆ, ಆಫೀಸು ಅಂತ ಫೈಲ್ ಹೊತ್ತು ತಿರುಗುವುದು.

ಕ್ರೋಮ್‌ನದೇ ಪಾಸ್‌ವರ್ಡ್ ಮ್ಯಾನೇಜರ್‌ಗೂ ಎಕ್ಸ್‌ಟೆನ್ಷನ್ ಬೇಕಿಲ್ಲ. ಆದರೆ ಗಿರಾಕಿಗಳ ಲಾಗಿನ್ನುಗಳನ್ನು ನನ್ನ ಸ್ವಂತ ಗೂಗಲ್ ಖಾತೆಗೆ ಕಟ್ಟಿಹಾಕೋಕೆ ಮನಸ್ಸಾಗಲಿಲ್ಲ.

ಇನ್ನು ಬಿಟ್‌ವಾರ್ಡನ್. ಎಕ್ಸ್‌ಟೆನ್ಷನ್ ತಾನೊಂದೇ ಸಾಕು, ಕಂಪ್ಯೂಟರಿನಲ್ಲಿ ಬೇರೆ ಆಪ್ ಬೇಡ. ಬೆರಳಚ್ಚಿನಿಂದ ತೆರೆಯಬೇಕು ಅಂದರೆ ಮಾತ್ರ ಆಪ್ ಬೇಕು, ಅದನ್ನು ನಾನು ಹಾಕಿಕೊಂಡೇ ಇಲ್ಲ. ಜೋಡಿಯೇ ಇಲ್ಲದ ಮೇಲೆ ಜಗಳ ಎಲ್ಲಿಂದ? ಉಚಿತ ಪ್ಲಾನ್‌ನಲ್ಲೇ ಪಾಸ್‌ವರ್ಡಿಗೂ ಲೆಕ್ಕವಿಲ್ಲ, ಎಷ್ಟು ಕಂಪ್ಯೂಟರ್, ಫೋನ್ ಅನ್ನುವುದಕ್ಕೂ ಲೆಕ್ಕವಿಲ್ಲ. ಪಾಸ್‌ವರ್ಡಿನ ನಂತರ ಕೇಳುವ ಎರಡನೇ ಹಂತದ ಕೋಡ್ ಬಿಟ್‌ವಾರ್ಡನ್ ಒಳಗೇ ತಯಾರಾಗಬೇಕು ಅಂದರೆ ದುಡ್ಡು. ಆ ಕೆಲಸಕ್ಕೆ ನನ್ನ ಫೋನಿದೆ.

ಪೋರ್ಟಲ್ ತೆರೆದರೆ ಅದರ ಎಷ್ಟು ಲಾಗಿನ್ ಇವೆ ಅನ್ನುವ ಲೆಕ್ಕ ಐಕಾನ್ ಮೇಲೆ 9+ ಅಂತ ಬರುತ್ತದೆ. ಒಂಬತ್ತರ ಮೇಲೆ ಎಣಿಸೋಕೆ ಅದಕ್ಕೂ ಬೇಜಾರೇನೋ. ಒಂದೊಂದು ಲಾಗಿನ್ನಿಗೂ ಅಂಗಡಿ ಹೆಸರು ಕೊಟ್ಟಿದ್ದೇನೆ, ಎರಡು ಅಕ್ಷರ ಹುಡುಕಿದರೆ ಸಾಕು.

ಕೀಪಾಸ್‌ಎಕ್ಸ್‌ಸಿ ಬಿಟ್ಟಿಲ್ಲ. ತಿಂಗಳಿಗೊಮ್ಮೆ ಎಲ್ಲದರ ಒಂದು ಪ್ರತಿ ಅದರಲ್ಲಿ ಹಾಕಿ, ಪೆನ್‌ಡ್ರೈವ್ ಬೀರುವಿನಲ್ಲಿಡುತ್ತೇನೆ. ಮತ್ತೆ 19ನೇ ತಾರೀಖು ರಾತ್ರಿ ಮಾತ್ರ, ಮರೆಯದೆ, ಕ್ರೋಮ್ ಪೂರ್ತಿ ಮುಚ್ಚಿ ಮಲಗುತ್ತೇನೆ.